ಎರಡು ಮೀಟರ್ ಗೋಡೆ, ಒಂದು ಕಿಂಡಿ

ಬಂಕರ್ ನೋಡಲು ಹೋದವರು ಗೋಡೆಯ ದಪ್ಪಕ್ಕೆ ಬೆರಗಾಗಿ, ಅದರ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಗೋಡೆ ಹೇಳುವುದು ಕಡಿಮೆ. ಕಿಂಡಿಯನ್ನು ನೋಡಬೇಕು. ಯಾವ ಕಿಂಡಿ ಎಷ್ಟು ಅಗಲ, ಯಾವ ಕಡೆಗೆ ಮುಖ, ಅದರ ಅಂಚು ಹೇಗಿದೆ ಎಂದು ಗಮನಿಸಿದರೆ ಕಟ್ಟಿದವರಿಗೆ ಯಾವುದರ ಭಯವಿತ್ತು ಅನ್ನುವುದು ಗೊತ್ತಾಗುತ್ತದೆ. ಇದನ್ನು ಕಲಿಯಲು ಫ್ರಾನ್ಸಿನ ನಾರ್ಮಂಡಿ ಕರಾವಳಿಯ ಲೋಂಗ್-ಸುರ್-ಮೆರ್ ಒಳ್ಳೆಯ ಜಾಗ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕಟ್ಟಿದ ತೋಪಿನ ಠಾಣೆ ಅದು. ಅಲ್ಲಿ ಬಂಕರಿನ ಜೊತೆಗೆ ತೋಪುಗಳೂ ಉಳಿದಿವೆ. ಯುದ್ಧ ಮುಗಿದ ಮೇಲೆ ಬೇರೆ ಕಡೆಗಳ ಬಹುಪಾಲು ತೋಪುಗಳು ಗುಜರಿಗೆ ಹೋದವು. ನಾರ್ಮಂಡಿಯಲ್ಲಿ ಮೂಲ ತೋಪುಗಳು ತಮ್ಮ ಜಾಗದಲ್ಲೇ ನಿಂತಿರುವ ಕರಾವಳಿ ಠಾಣೆ ಇದೊಂದೇ. 2001ರಿಂದ ಇದು ಸಂರಕ್ಷಿತ ಸ್ಮಾರಕ.

ಪ್ಯಾರಿಸ್‌ನ ಸೇಂಟ್ ಲಜಾರ್ ನಿಲ್ದಾಣದಿಂದ ರೈಲು ಹಿಡಿದರೆ ಬಯೂ ಪಟ್ಟಣಕ್ಕೆ ಎರಡು ಗಂಟೆ ಚಿಲ್ಲರೆ ದಾರಿ. ಅಲ್ಲಿಂದ ಉತ್ತರಕ್ಕೆ ಆರೇಳು ಕಿಲೋಮೀಟರ್ ಹೋದರೆ ಗದ್ದೆ ಬಯಲಿನ ನಡುವೆ, ಸಮುದ್ರಕ್ಕೆ ಮುಖ ಮಾಡಿ ಕೂತ ನಾಲ್ಕು ಕಾಂಕ್ರೀಟ್ ಗೂಡುಗಳು ಕಾಣುತ್ತವೆ. ಇವಕ್ಕೆ ಕೇಸ್‌ಮೇಟ್ ಎಂದು ಹೆಸರು. ಅವುಗಳಿಂದ ಸುಮಾರು 300 ಮೀಟರ್ ಮುಂದೆ, ಕಡಲ ಬದಿಯ ಕಡಿದಾದ ದಿಬ್ಬದ ತುದಿಯಲ್ಲಿ, ಎರಡು ಅಂತಸ್ತಿನ ವೀಕ್ಷಣಾ ಬಂಕರ್ ಇದೆ. ಜನ ಮೊದಲು ತೋಪಿನ ಹತ್ತಿರ ಓಡುತ್ತಾರೆ. ಹಾಗೆ ಮಾಡದೆ ನೇರ ದಿಬ್ಬದ ತುದಿಗೆ ನಡೆಯಿರಿ. ಈ ಠಾಣೆಯ ಕಣ್ಣು ಅಲ್ಲಿದೆ. ಕಣ್ಣು ಅರ್ಥವಾಗದೆ ತೋಪು ನೋಡಿದರೆ ಅದು ಬರೀ ಹಳೆ ಕಬ್ಬಿಣ.

ಸ್ವಲ್ಪ ಹಿನ್ನೆಲೆ ಬೇಕು. 1942ರ ಮಾರ್ಚ್ 23ರಂದು ಹಿಟ್ಲರ್ ಹೊರಡಿಸಿದ 40ನೇ ಆದೇಶದ ನಂತರ ನಾರ್ವೆಯಿಂದ ಸ್ಪೇನ್ ಗಡಿಯವರೆಗೆ ಕರಾವಳಿಗೆ ಕಾಂಕ್ರೀಟ್ ಸುರಿಯುವ ಕೆಲಸ ಭರದಿಂದ ಶುರುವಾಯಿತು. ‘ಅಟ್ಲಾಂಟಿಕ್ ಗೋಡೆ’ ಎಂಬ ಹೆಸರು ಅದಕ್ಕೆ. ಉದ್ದಕ್ಕೂ ಗೋಡೆ ಅಂತ ಏನೂ ಇರಲಿಲ್ಲ. ಬಿಡಿ ಬಿಡಿ ಬಂಕರುಗಳ ಸಾಲು ಅಷ್ಟೆ. ಟಾಟ್ ಸಂಸ್ಥೆ ಎಂಬ ಸರ್ಕಾರಿ ನಿರ್ಮಾಣ ಪಡೆ ಈ ಕೆಲಸ ನಡೆಸಿತು. ಕೂಲಿಯವರು ಇದ್ದರು, ಯುದ್ಧಕೈದಿಗಳು ಮತ್ತು ಬಲವಂತಕ್ಕೆ ತಂದವರು ಇನ್ನೂ ಹೆಚ್ಚು ಇದ್ದರು. ಪ್ರತಿ ಬಂಕರಿಗೂ ಹೊಸ ನಕ್ಷೆ ಬರೆಯುವ ಪುರುಸೊತ್ತಿಲ್ಲದ್ದರಿಂದ ನೂರಾರು ಸಿದ್ಧ ಮಾದರಿಗಳಿದ್ದವು, ಪ್ರತಿಯೊಂದಕ್ಕೂ ನಂಬರ್. ಲೋಂಗ್‌ನ ತೋಪಿನ ಗೂಡುಗಳು ನೌಕಾಪಡೆಯ ಎಂ-272 ಮಾದರಿಯವು. ವೀಕ್ಷಣಾ ಬಂಕರ್ ಎಂ-262. ಕೆಲಸ ಶುರುವಾದದ್ದು 1943ರ ಸೆಪ್ಟೆಂಬರಿನಲ್ಲಿ. 1944ರ ಜೂನ್ ಹೊತ್ತಿಗೆ ಗೂಡುಗಳು ಎದ್ದು, 152 ಮಿಲಿಮೀಟರ್ ಬಾಯಿಯ ನಾಲ್ಕು ತೋಪುಗಳು ಕೂತಿದ್ದವು. ಜೆಕ್ ನಾಡಿನ ಸ್ಕೋಡಾ ಕಾರ್ಖಾನೆಯಲ್ಲಿ ತಯಾರಾದ, ಹಡಗಿಗೆಂದು ರೂಪಿಸಿದ ತೋಪುಗಳು ಅವು. ಒಂದು ಗುಂಡಿನ ತೂಕ ಸುಮಾರು 45 ಕಿಲೊ. ಹಾರುವ ದೂರ ಸುಮಾರು 20 ಕಿಲೋಮೀಟರ್.

ಈಗ ವೀಕ್ಷಣಾ ಬಂಕರಿನ ಕೆಳ ಅಂತಸ್ತಿನಲ್ಲಿ ನಿಲ್ಲಿ. ಎದುರಿಗೆ ಅಡ್ಡಕ್ಕೆ ಉದ್ದವಾದ, ಎತ್ತರ ಕಡಿಮೆಯಿರುವ ಕಿಂಡಿ. ಅದರಾಚೆ ಬರೀ ಸಮುದ್ರ. ಸಮುದ್ರಮಟ್ಟದಿಂದ ನೀವು ಸುಮಾರು 60 ಮೀಟರ್ ಮೇಲಿದ್ದೀರಿ. ಭೂಮಿ ಗುಂಡಗಿರುವುದರಿಂದ ನೋಟಕ್ಕೆ ಒಂದು ಮಿತಿಯಿದೆ. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ಅನ್ನುವುದು ಸಿಗುತ್ತದೆ. 60ರ ವರ್ಗಮೂಲ 7.75. ಹಾಗಾಗಿ ದಿಗಂತ ಸುಮಾರು 28 ಕಿಲೋಮೀಟರ್ ದೂರ. ತೋಪು ಹೊಡೆಯುವುದು 20. ಅಂದರೆ ಗುಂಡು ತಲುಪುವ ಜಾಗವೆಲ್ಲ ಕಣ್ಣಿಗೂ ಕಾಣುತ್ತದೆ. ಇದೇ ಬಂಕರನ್ನು ಮರಳದಂಡೆಯಲ್ಲಿ 4 ಮೀಟರ್ ಎತ್ತರಕ್ಕೆ ಕಟ್ಟಿದ್ದರೆ ದಿಗಂತ 7 ಕಿಲೋಮೀಟರಿಗೇ ಮುಗಿಯುತ್ತಿತ್ತು. ಅದರಾಚೆ ಹಡಗಿನ ಮೇಲ್ಭಾಗ ಮಾತ್ರ ತಲೆ ಎತ್ತಿ ಕಾಣುತ್ತಿತ್ತು.

ಕಂಡರೆ ಸಾಲದು, ದೂರ ಅಳೆಯಬೇಕು. ಅದಕ್ಕೆ ಮೇಲಿನ ಅಂತಸ್ತು. ಅದರ ತಾರಸಿ ಉಕ್ಕಿನ ಕಂಬಗಳ ಮೇಲೆ ನಿಂತಿದೆ, ಬಹುಪಾಲು ಬಯಲು. ದೂರಮಾಪಕ ಇಲ್ಲಿತ್ತು: ಅಡ್ಡಕ್ಕೆ ಇಟ್ಟ ಉದ್ದನೆ ಕೊಳವೆ, ಎರಡೂ ತುದಿಯಲ್ಲಿ ಒಂದೊಂದು ಕಣ್ಣು. ನಮ್ಮ ಎರಡು ಕಣ್ಣು ದೂರ ಅಂದಾಜು ಮಾಡುವ ಉಪಾಯವೇ ಇದು, ಕಣ್ಣುಗಳ ನಡುವಿನ ಅಂತರ ಮಾತ್ರ ಮೀಟರುಗಟ್ಟಲೆ. ಆ ಅಂತರ 3 ಮೀಟರ್ ಎಂದಿಟ್ಟುಕೊಳ್ಳಿ. 10 ಕಿಲೋಮೀಟರ್ ದೂರದ ಹಡಗನ್ನು ಎರಡೂ ತುದಿಯಿಂದ ನೋಡಿದಾಗ ದೃಷ್ಟಿರೇಖೆಗಳ ನಡುವಿನ ಕೋನ ಸುಮಾರು ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. 20 ಕಿಲೋಮೀಟರಿಗೆ ಅದರರ್ಧ. ಇಷ್ಟು ಸಣ್ಣ ಕೋನದಲ್ಲಿ ಕೂದಲೆಳೆಯಷ್ಟು ತಪ್ಪಾದರೂ ದೂರದ ಲೆಕ್ಕ ನೂರಾರು ಮೀಟರ್ ಎಗರುತ್ತದೆ. ಅದೂ ಹೇಗೆ, ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟು. ಸಮುದ್ರದ ಮೇಲಿನ ಮಂಜು, ಹೊಗೆ, ಬಿಸಿಗಾಳಿಯ ನಡುಕ ಇವೆಲ್ಲ ಬೇರೆ.

ಇಷ್ಟಾದ ಮೇಲೂ ಗುಂಡು ತಲುಪುವಷ್ಟರಲ್ಲಿ ಹಡಗು ಅಲ್ಲಿರುವುದಿಲ್ಲ. ತೋಪಿನ ಬಾಯಿಂದ ಹೊರಡುವಾಗ ಗುಂಡಿನ ವೇಗ ಸೆಕೆಂಡಿಗೆ 800 ಮೀಟರಿಗಿಂತ ಸ್ವಲ್ಪ ಹೆಚ್ಚು. ಅದೇ ವೇಗ ಕಡೆಯವರೆಗೂ ಉಳಿದಿದ್ದರೂ 20 ಕಿಲೋಮೀಟರಿಗೆ 24-25 ಸೆಕೆಂಡ್ ಬೇಕು. ಗಾಳಿ ತಡೆಯುವುದರಿಂದ ನಿಜಕ್ಕೂ ಬೇಕಾಗುವುದು ಇದಕ್ಕಿಂತ ಎಷ್ಟೋ ಹೆಚ್ಚು. 20 ನಾಟ್ ವೇಗದ ಹಡಗು ಸೆಕೆಂಡಿಗೆ 10 ಮೀಟರ್ ಸರಿಯುತ್ತದೆ. ಕಡಿಮೆಯೆಂದರೂ 250 ಮೀಟರ್ ಮುಂದಕ್ಕೆ ಗುರಿ ಹಿಡಿಯಬೇಕು. ಈ ಲೆಕ್ಕವೆಲ್ಲ ಕೆಳಗಿನ ಕೋಣೆಯಲ್ಲಿ, ನಕ್ಷೆಯ ಮೇಜಿನ ಮೇಲೆ. ಅದರ ಮೇಲೆ ಇನ್ನೊಂದು ತಿದ್ದುಪಡಿ: ನೋಡಿದ ಕಣ್ಣು ಇಲ್ಲಿ, ಹೊಡೆಯುವ ತೋಪು 300 ಮೀಟರ್ ಹಿಂದೆ, ನಾಲ್ಕು ಬೇರೆ ಬೇರೆ ಜಾಗದಲ್ಲಿ. ನಾಲ್ಕಕ್ಕೂ ನಾಲ್ಕು ಬೇರೆ ಕೋನ. ಬಂದ ಅಂಕಿಗಳನ್ನು ನೆಲದಡಿ ಹೂತ ಟೆಲಿಫೋನ್ ತಂತಿಯ ಮೂಲಕ ಗೂಡುಗಳಿಗೆ ಹೇಳುತ್ತಿದ್ದರು.

ಎಡವಿದ್ದು ಅಲ್ಲೇ. 1944ರ ಜೂನ್ 6ರಂದು ಮಿತ್ರಪಡೆಗಳು (ಬ್ರಿಟನ್, ಅಮೆರಿಕ ಮತ್ತವರ ಜೊತೆಗಾರರು) ನಾರ್ಮಂಡಿಯ ದಡಕ್ಕೆ ಇಳಿದವು. ಅದಕ್ಕೆ ಮುಂಚಿನ ದಿನಗಳಲ್ಲಿ ಅವುಗಳ ವಿಮಾನಗಳು ಈ ಠಾಣೆಯ ಮೇಲೆ 1,500 ಟನ್‌ನಷ್ಟು ಬಾಂಬ್ ಸುರಿದವು. ಎರಡು ಮೀಟರ್ ಕಾಂಕ್ರೀಟ್ ತಡೆದುಕೊಂಡಿತು. ಬಯಲಲ್ಲಿ ಹೂತಿದ್ದ ತಂತಿ ಕತ್ತರಿಸಿಹೋಯಿತು. ಕಣ್ಣೂ ಸರಿಯಿತ್ತು, ಕೈಯೂ ಸರಿಯಿತ್ತು, ನಡುವಿನ ನರ ತುಂಡಾಗಿತ್ತು. ಜೂನ್ 6ರ ಬೆಳಗ್ಗೆ ತೋಪುಗಳು ಗುಂಡು ಹಾರಿಸಿದವು, ಬ್ರಿಟಿಷರ ಬುಲೋಲೊ ಎಂಬ ನಿಯಂತ್ರಣ ಹಡಗು ಜಾಗ ಬದಲಿಸಬೇಕಾಯಿತು. ಆದರೆ ಹಡಗಿಗೆ ತಾಗಿದ್ದಿಲ್ಲ. ಅಜಾಕ್ಸ್ ಎಂಬ ಬ್ರಿಟಿಷ್ ಯುದ್ಧನೌಕೆ ಎದುರುತ್ತರ ಕೊಟ್ಟಿತು. ಮಧ್ಯಾಹ್ನದ ಮೇಲೆ ಮತ್ತೆ ಶುರುವಿಟ್ಟ ತೋಪನ್ನು ಫ್ರೆಂಚರ ಜಾರ್ಜ್ ಲೇಗ್ ನೌಕೆ ಸುಮ್ಮನಾಗಿಸಿತು. ಮಾರನೆಯ ದಿನ ಬ್ರಿಟಿಷ್ ಕಾಲ್ದಳ ಬಂದಾಗ ಒಳಗಿದ್ದ 184 ಮಂದಿ ಶರಣಾದರು.

ಈಗ ಗೂಡುಗಳ ಕಡೆ ಬನ್ನಿ. ನಮ್ಮ ಮನೆಯ ತಾರಸಿ ಸಾಮಾನ್ಯವಾಗಿ ಐದು ಇಂಚು. ಇಲ್ಲಿನ ಎರಡು ಮೀಟರ್ ಅಂದರೆ ಅಂಥ ಹದಿನಾರು ತಾರಸಿಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಒಂದು ಚದರ ಮೀಟರಿಗೆ ಐದು ಟನ್ ಭಾರ. ಇಷ್ಟು ದಪ್ಪ ಮಾಡುವುದರಲ್ಲಿ ತನ್ನದೇ ಪೇಚು ಇದೆ. ಸಿಮೆಂಟು ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ತೆಳು ತಾರಸಿಯಲ್ಲಿ ಅದು ಗಾಳಿಗೆ ಹೋಗಿಬಿಡುತ್ತದೆ. ಎರಡು ಮೀಟರ್ ಮುದ್ದೆಯ ನಡುಮಧ್ಯದಲ್ಲಿ ಸಿಕ್ಕಿಕೊಂಡು ಬಿಸಿಯನ್ನು ಇದ್ದದ್ದಕ್ಕಿಂತ ನಲವತ್ತು ಡಿಗ್ರಿಯಷ್ಟು ಏರಿಸಬಲ್ಲದು. ಒಳಗೆ ಬಿಸಿ, ಹೊರಗೆ ತಣ್ಣಗೆ, ಮೇಲ್ಮೈ ಬಿರಿಯುತ್ತದೆ. ಸುರಿಯುವುದನ್ನು ನಡುವೆ ನಿಲ್ಲಿಸಿದರೆ ಹಳೆ ಪದರಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ. ಹಾಗಾಗಿ ಒಂದು ಗೂಡನ್ನು ಹಗಲೂ ರಾತ್ರಿ ಬಿಡದೆ ಸುರಿದು ಮುಗಿಸಬೇಕಿತ್ತು. ಇಂಥ ಬಂಕರುಗಳ ಗೋಡೆಯನ್ನು ಓರೆ ಬೆಳಕಿನಲ್ಲಿ ನೋಡಿ. ಸೆಂಟ್ರಿಂಗ್ ಹಲಗೆಯ ಮರದ ಎಳೆ ಅಚ್ಚಾಗಿರುತ್ತದೆ. ಅಡ್ಡಕ್ಕೆ ಗೆರೆಯೊಂದು ಉದ್ದಕ್ಕೆ ಹೋಗಿದ್ದರೆ, ಆವತ್ತು ಆ ಮಟ್ಟದಲ್ಲಿ ಕೆಲಸ ನಿಂತಿತ್ತೆಂದು ಅರ್ಥ. ಮೊದಲು ನೀರು ಜಿನುಗುವುದೂ ಅಲ್ಲೇ.

ತೋಪಿನ ಕಿಂಡಿ ಮಾತ್ರ ದೊಡ್ಡದು, ಮನುಷ್ಯ ಆರಾಮಾಗಿ ನಿಲ್ಲಬಹುದು. ಬಯಲಲ್ಲಿ ನಿಂತ ತೋಪು ಸುತ್ತ 360 ಡಿಗ್ರಿ ತಿರುಗುತ್ತದೆ. ಗೂಡಿನೊಳಗಿನದು ಸುಮಾರು 120 ಡಿಗ್ರಿ ಮಾತ್ರ. ಮೂರರಲ್ಲಿ ಎರಡು ಪಾಲು ನೋಟವನ್ನು ಕೊಟ್ಟು ತಲೆಯ ಮೇಲೊಂದು ಸೂರು ಪಡೆದರು, ಏಕೆಂದರೆ 1943ರ ಹೊತ್ತಿಗೆ ಆಕಾಶ ಅವರ ಕೈಯಲ್ಲಿರಲಿಲ್ಲ. ಕಿಂಡಿ ದೊಡ್ಡದಾದಷ್ಟೂ ತೋಪು ಹೆಚ್ಚು ತಿರುಗುತ್ತದೆ, ಹಾಗೇ ಶತ್ರುವಿನ ಗುಂಡಿಗೂ ಬಾಗಿಲು ದೊಡ್ಡದಾಗುತ್ತದೆ. ಕಿಂಡಿಯ ಪಕ್ಕದ ಗೋಡೆಗಳನ್ನು ಲಾಳಿಕೆಯಂತೆ ಓರೆಯಾಗಿ ಬಿಟ್ಟರೆ, ತಾಗಿದ ಗುಂಡು ಜಾರಿ ಸೀದಾ ಒಳಗೇ ಬರುತ್ತದೆ. ಅದಕ್ಕೇ ಅಟ್ಲಾಂಟಿಕ್ ಗೋಡೆಯ ಎಷ್ಟೋ ಗೂಡುಗಳಲ್ಲಿ ಆ ಓರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದಾರೆ. ಯಾವ ಮೆಟ್ಟಿಲಿಗೆ ಬಡಿದರೂ ಗುಂಡಿಗೆ ಎದುರಾಗುವುದು ನೆಟ್ಟನೆ ಗೋಡೆ. ಸಿಬ್ಬಂದಿ ತಂಗುವ ಬಂಕರುಗಳ ಬಾಗಿಲೂ ನೇರ ಒಳಗೆ ಬಿಡುವುದಿಲ್ಲ. ಒಂದು ತಿರುವು, ತಿರುವಿನ ಎದುರಿಗೆ ಒಳಗಿನಿಂದ ಬಂದೂಕು ಹಿಡಿಯುವಷ್ಟೇ ಸಣ್ಣ ಕಿಂಡಿ. ಚಿತ್ರದುರ್ಗದ ಕೋಟೆ ಬಾಗಿಲುಗಳನ್ನು ದಾಟಿದವರಿಗೆ ಈ ಜಾಣ್ಮೆ ಹೊಸದಲ್ಲ.

ನಾಲ್ಕು ಗೂಡುಗಳಲ್ಲಿ ಒಂದು ಒಡೆದು ಬಿದ್ದಿದೆ. ಹಡಗಿನ ಗುಂಡು ಅದನ್ನು ಕೆಡವಿತು ಎಂದು ನೋಡಿದವರು ಅಂದುಕೊಳ್ಳುತ್ತಾರೆ. ಠಾಣೆ ವಶವಾದ ಮೇಲೆ ಬ್ರಿಟಿಷರು ತಮ್ಮ ವಿಮಾನನಿರೋಧಕ ತೋಪಿನ ಮದ್ದುಗುಂಡನ್ನು ಅಲ್ಲಿ ಪೇರಿಸಿದ್ದರು, ಅದು ಸಿಡಿಯಿತು. ಕಾಂಕ್ರೀಟ್ ಅದುಮುವ ಬಲವನ್ನು ಚೆನ್ನಾಗಿ ತಾಳುತ್ತದೆ, ಎಳೆಯುವ ಬಲಕ್ಕೆ ಅದರ ಹತ್ತನೇ ಒಂದರಷ್ಟೂ ನಿಲ್ಲುವುದು ಕಷ್ಟ. ಹೊರಗಿನಿಂದ ಬಿದ್ದ ಏಟು ಗೋಡೆಯನ್ನು ಅದುಮುತ್ತದೆ. ಒಳಗಿನ ಸ್ಫೋಟ ಎಲ್ಲ ಗೋಡೆಗಳನ್ನೂ ಏಕಕಾಲಕ್ಕೆ ಹೊರಕ್ಕೆ ತಳ್ಳುತ್ತದೆ, ಅಂದರೆ ಮೂಲೆ ಮೂಲೆಯಲ್ಲೂ ಎಳೆತ. ಆಗ ಹಿಡಿದಿಡುವುದು ಒಳಗಿನ ಕಂಬಿ ಒಂದೇ.

ಆ ಕಂಬಿಯೇ ಈಗಿನ ತಲೆನೋವು. ಹೊಸ ಕಾಂಕ್ರೀಟ್ ಗಟ್ಟಿ ಕ್ಷಾರ, ಪಿಎಚ್ 12ರಿಂದ 13. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ತೆಳು ಪೊರೆ ಕಟ್ಟಿ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನ ಸೂಜಿರಂಧ್ರಗಳ ಮೂಲಕ ಇಳಿದು ಆ ಕ್ಷಾರವನ್ನು ಕುಂದಿಸುತ್ತ ಬರುತ್ತದೆ. ಇದರ ನಡಿಗೆ ಕಾಲದ ವರ್ಗಮೂಲಕ್ಕೆ ತಕ್ಕಂತೆ. ಮೊದಲ 10 ವರ್ಷದಲ್ಲಿ 10 ಮಿಲಿಮೀಟರ್ ಇಳಿದಿದ್ದರೆ, 20 ಮಿಲಿಮೀಟರಿಗೆ 40 ವರ್ಷ, 80 ವರ್ಷಕ್ಕೆ 28 ಮಿಲಿಮೀಟರ್. ಕಂಬಿ 50 ಮಿಲಿಮೀಟರ್ ಆಳದಲ್ಲಿದ್ದರೆ ಚಿಂತೆಯಿಲ್ಲ. ಅವಸರದಲ್ಲಿ 15 ಮಿಲಿಮೀಟರಿಗೇ ಕಟ್ಟಿದ್ದರೆ ಕಥೆ ಮುಗಿದ ಹಾಗೆ. ಕಡಲ ಗಾಳಿಯ ಉಪ್ಪು ಸೇರಿದರೆ ಕ್ಷಾರ ಇದ್ದಾಗಲೂ ಪೊರೆ ಹರಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಮಂಗಳೂರು, ಕಾರವಾರದ ಹಳೆ ಮನೆಗಳ ಸಜ್ಜಾ ಉದುರುವುದೂ ಇದೇ ಕಾರಣಕ್ಕೆ.

ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿದರೆ ಆಯಿತಲ್ಲ? ಮನೆಯಲ್ಲಿ ಹಾಗೇ ಮಾಡುತ್ತೇವೆ, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತೇಪೆಯ ಸುತ್ತ ಹೊಸ ಬಿರುಕು. ತೇಪೆಯೊಳಗಿನ ಕಂಬಿ ಹೊಸ ಕ್ಷಾರದಲ್ಲಿ ಸುರಕ್ಷಿತವಾಗುತ್ತದೆ, ಪಕ್ಕದ ಉಪ್ಪು ತುಂಬಿದ ಹಳೆ ಕಾಂಕ್ರೀಟಿನಲ್ಲಿರುವ ಅದೇ ಕಂಬಿ ಬ್ಯಾಟರಿಯ ಇನ್ನೊಂದು ತುದಿಯಂತಾಗಿ ಬೇಗ ಕರಗುತ್ತದೆ. ಸರಿಯಾದ ಕ್ರಮವೆಂದರೆ ಕಂಬಿಯ ಹಿಂಬದಿಯವರೆಗೂ ಕೆಟ್ಟ ಕಾಂಕ್ರೀಟ್ ಬಿಡಿಸಿ, ತುಕ್ಕು ಉಜ್ಜಿ, ಆಮೇಲೆ ತುಂಬುವುದು. ಎಲ್ಲಿಯವರೆಗೆ ಬಿಡಿಸಬೇಕು ಅನ್ನುವುದಕ್ಕೆ ಫಿನಾಲ್‌ಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕ್ಷಾರ ಉಳಿದ ಕಡೆ ಕಡು ಗುಲಾಬಿ, ಸತ್ತ ಕಡೆ ಬಣ್ಣವಿಲ್ಲ. ಹೈಸ್ಕೂಲಿನ ಲ್ಯಾಬಿನಲ್ಲಿ ಆಡಿದ ಅದೇ ದ್ರಾವಣ. ಉಪ್ಪು ಎಲ್ಲಿಯವರೆಗೆ ಇಳಿದಿದೆ ಎಂದು ಮಾತ್ರ ಇದು ಹೇಳದು, ಅದಕ್ಕೆ ಬೇರೆ ಪರೀಕ್ಷೆ.

ಒಳಗೆ ಹೋಗುವಾಗ ಟಾರ್ಚ್ ಇರಲಿ, ಫೋನಿನ ಬೆಳಕು ಸಾಲದು. ಬೇಸಿಗೆಯಲ್ಲಿ ಇಂಥ ಬಂಕರುಗಳ ಒಳಗೋಡೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಸೋರಿಕೆ ಅಂದುಕೊಳ್ಳಬೇಡಿ. ಹೊರಗಿನ ಗಾಳಿ 20 ಡಿಗ್ರಿ, ತೇವ 70 ಶೇಕಡಾ ಇದ್ದರೆ, 14 ಡಿಗ್ರಿಗೆ ತಣಿದ ಯಾವುದಕ್ಕೆ ತಾಗಿದರೂ ಆ ತೇವ ನೀರಾಗುತ್ತದೆ. ದಪ್ಪ ಗೋಡೆ ಚಳಿಗಾಲದ ತಂಪನ್ನು ಹಿಡಿದಿಟ್ಟು 11-12 ಡಿಗ್ರಿಯಲ್ಲೇ ಕೂತಿರುತ್ತದೆ. ಬಿಸಿಲಿದೆ, ಗಾಳಿಯಾಡಲಿ ಎಂದು ಬಾಗಿಲು ತೆರೆದಿಟ್ಟಷ್ಟೂ ಒಳಗೆ ನೀರು ಹೆಚ್ಚುತ್ತದೆ. ಬಂಕರ್ ಒಣಗಿಸುವವರು ಹೊರಗೆ ಒಳಗಿಗಿಂತ ತಣ್ಣಗಿರುವಾಗ, ಅಂದರೆ ಚಳಿಗಾಲದಲ್ಲಿ ಗಾಳಿ ಬಿಡುತ್ತಾರೆ. ಇನ್ನು ಸೂರಿನಿಂದ ಬಿಳಿ ನಳಿಕೆಗಳು ಇಳಿಬಿದ್ದಿದ್ದರೆ ಅದು ಮೇಲಿನಿಂದ ಜಿನುಗಿದ ನೀರು ಕಾಂಕ್ರೀಟಿನ ಸುಣ್ಣವನ್ನು ಕರಗಿಸಿ ತಂದು ಇಟ್ಟದ್ದು. ಗುಹೆಯ ಸುಣ್ಣದ ಕಂಬಗಳ ತಂಗಿ, ಬೆಳೆಯುವುದು ಮಾತ್ರ ಬಲು ಬೇಗ. ಮುಟ್ಟಿದರೆ ಮುರಿಯುತ್ತದೆ.

ಸಮಯವಿದ್ದರೆ ಪೂರ್ವಕ್ಕೆ ಅರೋಮಾಂಶ್‌ವರೆಗೆ ಹೋಗಿ, ಇಳಿತದ ಹೊತ್ತಿನಲ್ಲಿ ಮಿತ್ರಪಡೆಗಳು ತೇಲಿಸಿ ತಂದ ಬಂದರಿನ ಕಾಂಕ್ರೀಟ್ ಪೆಟ್ಟಿಗೆಗಳನ್ನು ನೋಡಿ ಬರಬಹುದು. ಹೊರಡುವ ಮುಂಚೆ ವೀಕ್ಷಣಾ ಬಂಕರಿನ ಕಡೆ ಇನ್ನೊಮ್ಮೆ ತಿರುಗಿ. ದಿಬ್ಬದ ಮೇಲುಭಾಗ ಸುಣ್ಣಕಲ್ಲು, ಕೆಳಭಾಗ ಜೇಡಿ ಬೆರೆತ ಮೆತ್ತನೆ ಸುಣ್ಣಮಣ್ಣು. ಮಳೆನೀರು ಕಲ್ಲಿನ ಬಿರುಕಿನಲ್ಲಿ ಇಳಿದು ಮಣ್ಣಿನ ಮೇಲೆ ನಿಂತು ಅದನ್ನು ಜಾರುವಂತೆ ಮಾಡುತ್ತದೆ, ಕೆಳಗಿನಿಂದ ಅಲೆ ಕೊರೆಯುತ್ತದೆ, ಮೇಲಿನ ಕಲ್ಲು ಚಪ್ಪಡಿ ಚಪ್ಪಡಿಯಾಗಿ ಕಳಚುತ್ತದೆ. ಇಲ್ಲಿಂದ ಪಶ್ಚಿಮಕ್ಕಿರುವ ಪೋಯಿಂಟ್ ದು ಓಕ್‌ನಲ್ಲಿ ಇಂಥದೇ ವೀಕ್ಷಣಾ ಬಂಕರ್ ದಿಬ್ಬ ಕುಸಿಯುವ ಭಯಕ್ಕೆ ವರ್ಷಗಟ್ಟಲೆ ಮುಚ್ಚಿ, ಬುಡ ಭದ್ರ ಮಾಡಿದ ಮೇಲೆ 2011ರಲ್ಲಿ ತೆರೆಯಿತು. ಹಾಗಾಗಿ ಫೋಟೊಗೆಂದು ಬೇಲಿ ದಾಟಬೇಡಿ. ಅದರಾಚೆಯ ಹುಲ್ಲಿನ ಕೆಳಗೆ ನೆಲ ಇದೆಯೋ ಇಲ್ಲವೋ ಮೇಲೆ ನಿಂತವರಿಗೆ ಕಾಣುವುದಿಲ್ಲ.