ನಲಿ–ಕಲಿ: ಮೇಷ್ಟ್ರುಗಳೇ ಬರೆದ ಕಾರ್ಡುಗಳ ಕಥೆ

ನಲಿ–ಕಲಿ ಅಂದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು, ಆಟ–ಹಾಡು–ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ. ಈ ತರಗತಿಯಲ್ಲಿ ಕನ್ನಡ ಶುರುವಾಗುವುದು ‘ಅ ಆ ಇ ಈ’ಯಿಂದಲ್ಲ; ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ. ಇಷ್ಟು ಬಂದರೆ ಸಾಕು, ಸರ, ದರ, ಅಗಸ, ಅರಸ, ಗರಗಸ ಎಂದು ಮಗು ತಾನೇ ಕೂಡಿಸಿ ಓದುತ್ತದೆ. ವರ್ಣಮಾಲೆ ಮುಗಿಯಲಿ ಎಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ.

ತಿಳಿವಳಿಕೆಯನ್ನು ಮಗು ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ಜ್ಞಾನ ರಚನಾವಾದಕ್ಕೆ ಬುನಾದಿ ಹಾಕಿದವರು ಮನೋವಿಜ್ಞಾನಿಗಳಾದ ಸ್ವಿಟ್ಜರ್ಲೆಂಡಿನ ಪಿಯಾಜೆ, ರಷ್ಯಾದ ವೈಗೋಟ್‌ಸ್ಕಿ. ಇಬ್ಬರೂ 1896ರಲ್ಲಿ ಹುಟ್ಟಿದವರು. ಆದರೆ ನಮ್ಮ ಹಳ್ಳಿ ಶಾಲೆಗೆ ಈ ವಿಚಾರ ಬಂದದ್ದು ಬಿ.ಇಡಿ. ಪಠ್ಯದಿಂದಲ್ಲ. ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ನೀಲ್‌ಬಾಗ್ ಶಾಲೆ ತೆರೆದರು. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಆ ಪ್ರಭಾವ ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ಬೆಳೆಯಿತು.

1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವಿತ್ತು. ನಲಿ–ಕಲಿ ಹುಟ್ಟಿದ್ದು ಹೀಗೆ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಆಮೇಲಿನ ಕೆಲಸ: ಕಲಿಕಾ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ಅವರೇ ಕೂತು ಬರೆದರು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲಾಗಿ ಒಡೆದು ಕಲಿಕಾ ಏಣಿ ಮಾಡಿದರು. ವಾರಗಟ್ಟಲೆ ಶಾಲೆ ತಪ್ಪಿಸಿದ ಮಗುವೂ ಮರಳಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು. ತರಗತಿಯ ಚಹರೆಯೇ ಬದಲಾಯಿತು. ಗೋಡೆಯ ಕಪ್ಪುಹಲಗೆ ಮಕ್ಕಳ ಕೈಗೆಟುಕುವಷ್ಟು ಕೆಳಗಿಳಿಯಿತು, ಅವರು ಬರೆದ ಚಿತ್ರಗಳು ತಲೆಯ ಮೇಲಿನ ಚಪ್ಪರದಲ್ಲಿ ತೂಗಾಡಿದವು. ಮಕ್ಕಳು ಸುತ್ತ ಕೂರುವ ಗುಂಪಿಗೆ ಇಲ್ಲಿ ‘ತಟ್ಟೆ’ ಎನ್ನುತ್ತಾರೆ: ಶಿಕ್ಷಕರ ನೆರವು ಬೇಕಾದವರು ಒಂದು ತಟ್ಟೆ, ಸಹಪಾಠಿಗಳ ನೆರವು ಸಾಕೆನ್ನುವವರು ಇನ್ನೊಂದು, ತಾವೇ ಕಲಿಯುವವರು ಮತ್ತೊಂದು. ನೆರವಿನೊಂದಿಗೆ ಇವತ್ತು ಮಾಡಿದ್ದನ್ನು ಮಗು ನಾಳೆ ತಾನೇ ಮಾಡಬಲ್ಲದು ಎಂಬ ವೈಗೋಟ್‌ಸ್ಕಿಯ ವಿಚಾರ ನೆಲದ ಮೇಲೆ ಹೀಗೆ ವೃತ್ತಾಕಾರದಲ್ಲಿ ಕೂತಿತ್ತು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ದೃಷ್ಟಿಯನ್ನು ಎತ್ತಿಹಿಡಿಯಿತು. 2009–10ರಲ್ಲಿ ನಲಿ–ಕಲಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು.

ತೊಡಕು ಶುರುವಾದದ್ದೂ ಅಲ್ಲೇ. ಬೀದರಿಗೂ ಮಡಿಕೇರಿಗೂ ಒಂದೇ ಅಚ್ಚಿನ ಕಾರ್ಡು ಹೋಯಿತು. ಹೆಗ್ಗಡದೇವನಕೋಟೆಯ ಶಿಕ್ಷಕರು ಬರೆಯುತ್ತಾ, ತಿದ್ದುತ್ತಾ ಕಲಿತದ್ದನ್ನು ಉಳಿದವರು ಕೆಲವೇ ದಿನಗಳ ತರಬೇತಿಯಲ್ಲಿ ಕೇಳಿಸಿಕೊಳ್ಳಬೇಕಾಯಿತು. ಒಂದೇ ಕೋಣೆಯಲ್ಲಿ ಮೂರು ತರಗತಿ, ಜೊತೆಗೆ ತುಂಬಬೇಕಾದ ದಾಖಲೆಗಳ ರಾಶಿ. ಮಗುವಿಗೆ ಕೊಟ್ಟ ಸ್ವಾತಂತ್ರ್ಯ ಮೇಷ್ಟ್ರಿಗೂ ಸಿಗಬೇಕಿತ್ತು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಗಳಲ್ಲಿ ಸುತ್ತೋಲೆ ಓದುವ ಹೊತ್ತನ್ನು ಕಡಿಮೆ ಮಾಡಿ, ತಮ್ಮೂರಿನ ಮಕ್ಕಳಿಗೆ ಒಗ್ಗುವ ನಾಲ್ಕು ಕಾರ್ಡು ಬರೆಯಲು ಅವರನ್ನು ಬಿಟ್ಟರೆ ಈಗಲೂ ತಡವಾಗಿಲ್ಲ.