ಎಸ್‌ಟಿಗೆ ಕರ್ನಾಟಕ ವಿಧಾನಸಭೆಲಿ 15 ಮೀಸಲು ಸೀಟಿದೆ, ಮತ್ತೆ ಹಾಡಿಯವ್ರಿಗೆ (ಕಾಡಿನ ಬುಡಕಟ್ಟು ಕೇರಿಗಳ ಜನಕ್ಕೆ) ಪ್ರಾತಿನಿಧ್ಯ ಇಲ್ಲ ಅಂತೀರಲ್ಲ, ಯಾಕೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದೀನೋ ಲೆಕ್ಕ ಇಲ್ಲ. ತುಂಡು ತುಂಡಾಗಿ ಹೇಳಿ ಸಾಕಾಗಿದೆ, ಇವತ್ತು ಪೂರ್ತಿ ಬರೀತೀನಿ, ಇನ್ಮೇಲೆ ಕೇಳಿದವ್ರಿಗೆ ಇದನ್ನೇ ಕಳಿಸ್ತೀನಿ.

ಮೀಸಲು ಕ್ಷೇತ್ರದಲ್ಲಿ ಎಸ್‌ಟಿ ಜನನೇ ಓಟು ಹಾಕಿ ತಮ್ಮವ್ರನ್ನ ಆರಿಸ್ಕೋತಾರೆ ಅಂತ ತುಂಬಾ ಜನ ನಂಬಿದಾರೆ, ಚೆನ್ನಾಗಿ ಓದ್ಕೊಂಡವ್ರೂ. ಹಂಗಿಲ್ಲ ರೀ. ನಿಲ್ಲೋರು ಎಸ್‌ಟಿ ಆಗಿರ್ಬೇಕು ಅಷ್ಟೇ, ಓಟು ಹಾಕೋದು ಆ ಕ್ಷೇತ್ರದ ಎಲ್ಲಾ ಜಾತಿಯವ್ರು. ಇನ್ನು ಯಾವ ಕ್ಷೇತ್ರ ಮೀಸಲು ಅನ್ನೋದು, ಎಲ್ಲಿ ಎಸ್‌ಟಿ ಜನಸಂಖ್ಯೆಯ ಪ್ರಮಾಣ ಹೆಚ್ಚಿದೆಯೋ ಅಲ್ಲಿ. ಅದಕ್ಕೇ ನಮ್ಮ 15ರಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ, ಸುರಪುರ, ಸಂಡೂರು, ಕಂಪ್ಲಿ, ಕೂಡ್ಲಿಗಿ, ಚಳ್ಳಕೆರೆ, ಜಗಳೂರು ಹೀಗೆ ಹೆಚ್ಚಿನವು ಬಯಲುಸೀಮೆಲೇ ಇವೆ, ಲೋಕಸಭೆಯ ಎರಡೂ ಸೀಟು ಬಳ್ಳಾರಿ, ರಾಯಚೂರು. ನಾಗರಹೊಳೆ, ಬಂಡೀಪುರದ ಕಡೆ ಇರೋದು ಎಚ್.ಡಿ. ಕೋಟೆ ಒಂದೇ. ಕೊಡಗಲ್ಲಿ ಇಲ್ಲ, ಸೋಲಿಗರಿರೋ ಚಾಮರಾಜನಗರ ಜಿಲ್ಲೆಲಿ ಇಲ್ಲ, ಕೊರಗರಿರೋ ಉಡುಪಿ, ದಕ್ಷಿಣ ಕನ್ನಡದಲ್ಲೂ ಇಲ್ಲ.

'ಎಚ್.ಡಿ. ಕೋಟೆ ಇದ್ಯಲ್ಲ ಸಾರ್' ಅಂತೀರಿ. ಅಲ್ಲಿ ಮತದಾರರೇ ಎರಡು ಲಕ್ಷ ದಾಟ್ತಾರೆ. ಹಾಡಿಗಳಲ್ಲಿರೋ ಜೇನುಕುರುಬ ಬುಡಕಟ್ಟಿನವ್ರನ್ನ ಇಡೀ ರಾಜ್ಯದಲ್ಲಿ ಮಕ್ಕಳು ಮರಿ ಸೇರಿಸಿ ಎಣಿಸಿದ್ರೂ 2011ರ ಜನಗಣತಿಲಿ ನಲವತ್ತು ಸಾವಿರ ಆಗಲ್ಲ, ಅವ್ರೂ ಮೈಸೂರು, ಕೊಡಗು, ಚಾಮರಾಜನಗರ ಅಂತ ಹಂಚಿಹೋಗಿದಾರೆ. ಯಾವ ಪಕ್ಷ ಅವ್ರಿಗೆ ಟಿಕೆಟ್ ಕೊಡುತ್ತೆ, ಹೇಳಿ? ಅದೇ ವರ್ಷ ರಾಜ್ಯದ ಎಸ್‌ಟಿ ಸಂಖ್ಯೆ ಸುಮಾರು 42 ಲಕ್ಷ, ಅದ್ರಲ್ಲಿ ದೊಡ್ಡ ಪಾಲು ನಾಯಕ ಸಮುದಾಯ (1991ರಲ್ಲಿ ಬೇಡ, ವಾಲ್ಮೀಕಿ ಹೆಸರುಗಳೂ ಪಟ್ಟಿಗೆ ಸೇರಿದ್ವು). ಇದನ್ನ ಬರೆದ ತಕ್ಷಣ ನಾನು ವಾಲ್ಮೀಕಿ ಸಮುದಾಯದ ವಿರೋಧಿ ಅಂತ ಜಗಳಕ್ಕೆ ಬರ್ತಾರೆ. ಅವ್ರ ಹಕ್ಕು ಅವ್ರದು, ಅವ್ರೂ ತುಳಿತ ಉಂಡವ್ರೇ. ನಾನು ಹೇಳ್ತಿರೋದು ಇಷ್ಟೇ, ಪಟ್ಟಿಲಿ 50 ಬುಡಕಟ್ಟಿವೆ, ಸೀಟಿನ ಲೆಕ್ಕಕ್ಕೆ ಎಲ್ಲರ ತಲೆ ಎಣಿಸ್ತಾರೆ, ಸೀಟು ಸಣ್ಣ ಸಮುದಾಯಗಳ ಕೈಗೆ ಸಿಗೋದೇ ಇಲ್ಲ. 2020ರಲ್ಲಿ ಶಾಂತಾರಾಮ ಸಿದ್ದಿ ಅವ್ರು ವಿಧಾನ ಪರಿಷತ್ತಿಗೆ ಹೋದ ಮೊದಲ ಸಿದ್ದಿ ಆದ್ರಲ್ಲ, ಅದೂ ಗೆದ್ದಲ್ಲ, ನಾಮನಿರ್ದೇಶನದಿಂದ.

ಇನ್ನೊಂದು ವಿಷಯ, ಇದನ್ನ ಯಾರೂ ಕೇಳಲ್ಲ ಆದ್ರೆ ನನಗೆ ಇದೇ ಮುಖ್ಯ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ (ಬುಡಕಟ್ಟು ಜನಕ್ಕೆ ಅಂತ ವಿಶೇಷ ಆಡಳಿತ ಇರೋ ಜಾಗ) ಕರ್ನಾಟಕದಲ್ಲಿ ಒಂದೂ ಇಲ್ಲ, ಹಾಗಾಗಿ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಹೆಚ್ಚು ಅಧಿಕಾರ ಕೊಡೋ 1996ರ ಪೆಸಾ ಕಾಯ್ದೆ ನಮಗೆ ಬರಲ್ಲ. ಉಳಿದಿರೋ ಗಟ್ಟಿ ಜಾಗ 2006ರ ಅರಣ್ಯ ಹಕ್ಕು ಕಾಯ್ದೆಯ (ಕಾಡಲ್ಲಿ ಬದುಕೋರಿಗೆ ಅಲ್ಲಿನ ಜಮೀನು, ಕಾಡಿನ ಮೇಲೆ ಹಕ್ಕು ಕೊಡೋ ಕಾಯ್ದೆ) ಗ್ರಾಮಸಭೆ. ಅದು ಪಂಚಾಯ್ತಿ ಮಟ್ಟದ ದೊಡ್ಡ ಗ್ರಾಮಸಭೆ ಅಲ್ಲ, ಹಾಡಿದೇ ಸಭೆ, ಪೋಡಿನದೇ (ಸೋಲಿಗರ ಕೇರಿದೇ) ಸಭೆ. ಕನಿಷ್ಠ ಅರ್ಧದಷ್ಟು ಸದಸ್ಯರು ಬಂದಿರ್ಬೇಕು, ಬಂದವ್ರಲ್ಲಿ ಮೂರನೇ ಒಂದು ಭಾಗ ಹೆಂಗಸರಿರ್ಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದೇ ದಾರಿ ಹಿಡಿದು 2011ರಲ್ಲಿ ಹುಲಿ ರಕ್ಷಿತಾರಣ್ಯದ ಒಳಗೇ ಸಮುದಾಯ ಹಕ್ಕು ಪಡೆದ್ರು.

ಈ ಕಾಯ್ದೆಯಡಿ ಹಕ್ಕು ಕೇಳೋಕೆ ಸೇರಿದ್ದ ಒಂದು ಹಾಡಿಯ ಸಭೆಲಿ ನಾನೂ ಕೂತಿದ್ದೆ. ಕಾಫಿ ತೋಟದ ಕೆಲ್ಸ ಮುಗಿಸಿ ಹೆಂಗಸರು ಬರೋ ತನಕ ಕಾದು, ಕತ್ತಲಾದ್ಮೇಲೆ ಶುರು ಮಾಡಿದ್ರು. ಬಂದಿದ್ದ ಅಧಿಕಾರಿ ಪಹಣಿ ಇದ್ಯಾ ಅಂತ ಕೇಳಿದ್ರು. ಒಬ್ಬ ಅಜ್ಜಿ ಎದ್ದು ನಿಂತು, ನಮ್ಮಪ್ಪನ್ನ ಹೂಳಿದ್ದು ಆ ಮತ್ತಿ ಮರದ ಬುಡದಲ್ಲಿ, ಅವ್ವನ್ನ ಅದರ ಪಕ್ಕದಲ್ಲಿ ಅಂತ ಕೈ ತೋರ್ಸಿದ್ರು. ಹಿರಿಯರ ಹೇಳಿಕೆ, ಹೂಳಿದ ಜಾಗ, ದೇವರ ಬನ ಇವೆಲ್ಲಾ ಸಾಕ್ಷಿ ಅಂತ ಈ ಕಾಯ್ದೆಯ ನಿಯಮದಲ್ಲೇ ಇದೆ. ಹಾಡಿಯ ಹುಡುಗ ಒಬ್ಬ ಆ ಪುಟ ತೆಗೆದು ಟಾರ್ಚ್ ಬೆಳಕಲ್ಲಿ ಜೋರಾಗಿ ಓದ್ದ. ಅಜ್ಜಿಯ ಮಾತು ಆವತ್ತೇ ನಡಾವಳಿ ಪುಸ್ತಕಕ್ಕೆ ಏರ್ತು, ಕೆಳಗೆ ಅವ್ರ ಹೆಬ್ಬೆಟ್ಟು.