ಟ್ಯಾಕ್ಸ್ ಕಟ್ತೀವಲ್ಲ, ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಓಟು ಯಾಕಿಲ್ಲ?

ಪ್ರಶ್ನೆ: ನಾವು ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇವೆ. ಮಕ್ಕಳಿಬ್ಬರೂ ಇಲ್ಲಿನ ಪಬ್ಲಿಕ್ ಸ್ಕೂಲಿಗೆ (ಅಂದರೆ ಸರ್ಕಾರಿ ಶಾಲೆಗೆ) ಹೋಗುತ್ತಾರೆ. ಸ್ವಂತ ಮನೆ ಇದೆ, ಪ್ರಾಪರ್ಟಿ ಟ್ಯಾಕ್ಸ್ ಕಟ್ಟುತ್ತೇವೆ. ಇಲ್ಲಿನ ಪಬ್ಲಿಕ್ ಸ್ಕೂಲುಗಳನ್ನು ನೋಡಿಕೊಳ್ಳುವ ಮಂಡಳಿಗೆ, ಅಂದರೆ ಸ್ಕೂಲ್ ಬೋರ್ಡಿಗೆ, ನವೆಂಬರಿನಲ್ಲಿ ನಡೆಯುವ ಚುನಾವಣೆಯಲ್ಲಿ ನಮಗೆ ಓಟಿದೆಯಾ ಮೇಡಂ?

ಇಲ್ಲ. ಗ್ರೀನ್ ಕಾರ್ಡ್ (ಕಾಯಂ ವಾಸದ ಅನುಮತಿ) ಬಂದ ಮೇಲೂ ಇಲ್ಲ. ಸಿಟಿಜನ್ ಆದ ಮೇಲೆ ಉಂಟು. ಬೆರಳೆಣಿಕೆಯ ಊರುಗಳನ್ನು ಬಿಟ್ಟರೆ ಅಮೆರಿಕದ ಉದ್ದಗಲಕ್ಕೂ ಇದೇ ಉತ್ತರ. ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ನಾನೂ ಇಷ್ಟನ್ನೇ ಬರೆಯುತ್ತೇನೆ. ಮರುದಿನವೇ ಇನ್ನೊಂದು ಪತ್ರ: "ಅಲ್ಲ ಮೇಡಂ, ಟ್ಯಾಕ್ಸ್ ಕಟ್ತೀವಲ್ಲ?" ಹಾಗಾಗಿ ಈ ಸಲ ಟ್ಯಾಕ್ಸನ್ನೇ ಹಿಡಿದು ಕೂರೋಣ.

ಟ್ಯಾಕ್ಸ್ ಕಟ್ಟಿದವರಿಗೆ ಓಟು ಅನ್ನುವುದು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಕಾನೂನು ಓಟನ್ನು ಹಾಗೆ ಹಂಚುವುದಿಲ್ಲ. ಹಿಂದೆ ನ್ಯೂಯಾರ್ಕ್ ರಾಜ್ಯದ ಕೆಲವು ಶಾಲಾ ಡಿಸ್ಟ್ರಿಕ್ಟ್‌ಗಳಲ್ಲಿ ಹೆಚ್ಚುಕಮ್ಮಿ ನೀವು ಹೇಳುವಂಥದ್ದೇ ನಿಯಮವಿತ್ತು. ಡಿಸ್ಟ್ರಿಕ್ಟ್ ಎಂದರೆ ಇಲ್ಲಿ ಒಂದು ಸ್ಕೂಲ್ ಬೋರ್ಡಿನ ಕೈಕೆಳಗಿನ ಪ್ರದೇಶ. ಅಲ್ಲಿ ಆಸ್ತಿ ಇರಬೇಕು ಅಥವಾ ಬಾಡಿಗೆಗಾದರೂ ಹಿಡಿದಿರಬೇಕು, ಅದೂ ಇಲ್ಲದಿದ್ದರೆ ಮಕ್ಕಳು ಅಲ್ಲಿನ ಪಬ್ಲಿಕ್ ಸ್ಕೂಲಿನಲ್ಲಿ ಓದುತ್ತಿರಬೇಕು. ಆಗ ಮಾತ್ರ ಶಾಲಾ ಚುನಾವಣೆಯಲ್ಲಿ ಓಟು. ಕ್ರೇಮರ್ ಎಂಬ ಮದುವೆಯಾಗದ ಗಂಡಸು ಅಪ್ಪ-ಅಮ್ಮನ ಮನೆಯಲ್ಲೇ ಇದ್ದರು. ಆಸ್ತಿಯೂ ಇಲ್ಲ, ಬಾಡಿಗೆಯೂ ಇಲ್ಲ, ಮಕ್ಕಳೂ ಇಲ್ಲ. ಓಟು ಸಿಗಲಿಲ್ಲವೆಂದು ಕೋರ್ಟಿಗೆ ಹೋದರು. 1969ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಊರಿನಲ್ಲಿ ವಾಸವಿರುವ, ಬೇರೆಲ್ಲ ಅರ್ಹತೆಯಿರುವ ಸಿಟಿಜನ್‌ನನ್ನು ಆಸ್ತಿಯಿಲ್ಲ, ಮಕ್ಕಳಿಲ್ಲ ಎಂದು ಹೊರಗಿಡುವಂತಿಲ್ಲ ಎಂದಿತು. ನೋಡಿ, ನೀವು ಮುಂದಿಡುವ ಎರಡು ಕಾರಣಗಳನ್ನೂ ಒಟ್ಟಿಗೇ ಪಕ್ಕಕ್ಕೆ ಸರಿಸಿದ ತೀರ್ಪು ಇದು!

ಇನ್ನೂ ಒಪ್ಪಿಗೆಯಾಗದಿದ್ದರೆ ನಮ್ಮ ಕಡೆಯಿಂದ ನೋಡಿ. ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡು ಓಸಿಐ ಕಾರ್ಡ್ (ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರ ಕಾರ್ಡ್) ಇಟ್ಟುಕೊಂಡವರಿಗೆ ಮೈಸೂರಿನಲ್ಲಿ ಮನೆ ಇರುತ್ತದೆ. ವರ್ಷ ವರ್ಷ ಪಾಲಿಕೆಗೆ ಕಂದಾಯವನ್ನೂ ಕಟ್ಟುತ್ತಾರೆ. ವಾರ್ಡ್ ಚುನಾವಣೆಯಲ್ಲಿ ಅವರಿಗೆ ಓಟಿದೆಯೇ? ಇಲ್ಲ. ಅದಕ್ಕೆ ಯಾರೂ ತಕರಾರು ಬರೆದು ಕಳಿಸುವುದಿಲ್ಲ, ಅಲ್ವಾ?

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸಲು ಹೋದಾಗ ಓಟಿಗೆ ಹೆಸರು ಸೇರಿಸಬೇಕೇ ಎಂದು ಅಲ್ಲೇ ಕೇಳುತ್ತಾರೆ. 1993ರ ಫೆಡರಲ್ ಕಾನೂನಿನಿಂದ ಬಂದ ಏರ್ಪಾಡು ಅದು. "ಟ್ಯಾಕ್ಸ್ ಕಟ್ತೀವಲ್ಲ" ಎಂಬ ಧೈರ್ಯದಲ್ಲಿ ಅಲ್ಲಿ ಸುಮ್ನೆ ಒಂದು ಟಿಕ್ ಹಾಕಿದರೆ, ನಾನು ಸಿಟಿಜನ್ ಎಂದು ಸಹಿ ಮಾಡಿದ ಹಾಗೆ. ಸುಳ್ಳಾಗಿ ಸಿಟಿಜನ್ ಎಂದು ಹೇಳಿಕೊಂಡರೆ ಗ್ರೀನ್ ಕಾರ್ಡಿಗೇ ಕುತ್ತು. ಓಟನ್ನೂ ಹಾಕಿದ್ದರೆ ಗಡೀಪಾರಿಗೂ ಅವಕಾಶವಿದೆ. ಮುಂದೆ ಸಿಟಿಜನ್ ಆಗಲು ತುಂಬುವ ಎನ್-400 ಫಾರ್ಮಿನಲ್ಲಿ ಈ ಪ್ರಶ್ನೆಯನ್ನೇ ಕೇಳುತ್ತಾರೆ. ಈಗಾಗಲೇ ಟಿಕ್ ಹಾಕಿಬಿಟ್ಟಿದ್ದರೆ ನನಗೆ ಬರೆಯಬೇಡಿ. ಇಮಿಗ್ರೇಶನ್ ವಕೀಲರ ಹತ್ತಿರ ಹೋಗಿ.

"ನಮ್ಮ ಫ್ರೆಂಡ್ ಓಟು ಹಾಕಿದ್ದಾರೆ" ಅನ್ನುವವರೂ ಇದ್ದಾರೆ. ಇರಬಹುದು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮತದಾರರು 2016ರಲ್ಲಿ ಪ್ರೊಪೊಸಿಷನ್ ಎನ್ ಎಂಬ ಪ್ರಸ್ತಾವವನ್ನು ಪಾಸು ಮಾಡಿದರು. ಮಗು 19 ವರ್ಷದೊಳಗಿದ್ದು, ಅಪ್ಪ-ಅಮ್ಮ ನಗರದಲ್ಲೇ ವಾಸವಿದ್ದರೆ, ಸಿಟಿಜನ್ ಅಲ್ಲದಿದ್ದರೂ ಸ್ಕೂಲ್ ಬೋರ್ಡಿಗೆ ಮಾತ್ರ ಓಟು ಹಾಕಬಹುದು. 2022ರಲ್ಲಿ ಕೆಳಗಿನ ಕೋರ್ಟ್ ಇದನ್ನು ರದ್ದು ಮಾಡಿತು, 2023ರಲ್ಲಿ ಮೇಲಿನ ಕೋರ್ಟ್ ಉಳಿಸಿತು. ಅದಕ್ಕೆ ಬೇರೆಯದೇ ಫಾರ್ಮ್ ಇದೆ. ನಿಮ್ಮ ವಿವರ ಇಮಿಗ್ರೇಶನ್ ಇಲಾಖೆಯ ಕೈಗೆ ಸಿಗಬಹುದು ಎಂಬ ಎಚ್ಚರಿಕೆಯನ್ನೂ ನಗರವೇ ಕೊಡುತ್ತದೆ. ಓದಿ ತೀರ್ಮಾನಿಸಿ. ಸುತ್ತಲಿನ ಫ್ರೀಮಾಂಟ್, ಕ್ಯುಪರ್ಟಿನೊದಂಥ ಊರಿನವರಿಗೆ ಇದು ಅನ್ವಯಿಸದು.

ಶಿಕಾಗೋದ ಗೊಂದಲ ಬೇರೆ ಥರ. ಅಲ್ಲಿ ಒಂದೊಂದು ಶಾಲೆಗೂ ಲೋಕಲ್ ಸ್ಕೂಲ್ ಕೌನ್ಸಿಲ್ ಇದೆ, ನಮ್ಮೂರ ಎಸ್‌ಡಿಎಂಸಿಯನ್ನು ನೆನಪಿಸುವಂಥದ್ದು. ಅದಕ್ಕೆ ಯಾವ ದೇಶದ ಪೋಷಕರೂ ಓಟು ಹಾಕಬಹುದು. ಆದರೆ ಇಡೀ ನಗರದ ಸ್ಕೂಲ್ ಬೋರ್ಡಿಗೆ 2024ರಲ್ಲಿ ಮೊದಲ ಸಲ ನಡೆದ ಚುನಾವಣೆ ಸಿಟಿಜನ್‌ಗಳದ್ದು. ಮೇರಿಲ್ಯಾಂಡಿನ ಟಕೋಮಾ ಪಾರ್ಕಿನಲ್ಲಿ ನಗರಸಭೆಗೆ ಸಿಟಿಜನ್ ಅಲ್ಲದ ನಿವಾಸಿಗಳೂ ಓಟು ಹಾಕಬಹುದು, ಸ್ಕೂಲ್ ಬೋರ್ಡಿಗೆ ಹಾಕುವಂತಿಲ್ಲ. ಯಾಕೆಂದರೆ ಅಲ್ಲಿ ಸ್ಕೂಲ್ ಬೋರ್ಡ್ ನಗರದ್ದಲ್ಲ, ಕೌಂಟಿಯದ್ದು (ನಮ್ಮ ಜಿಲ್ಲೆಯಂಥದ್ದು).

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಓಟಿಲ್ಲದೆ ಏನು ಮಾಡಬಹುದು? ಜಾಸ್ತಿಯೇ ಮಾಡಬಹುದು. ಶಾಲೆಗಳ ಮುಖ್ಯ ಅಧಿಕಾರಿಯಾದ ಸೂಪರಿಂಟೆಂಡೆಂಟ್ ಯಾರು, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ, ಹೊರಗೆ ಕನ್ನಡ ಕಲಿತ ಮಗುವಿಗೆ ಹೈಸ್ಕೂಲಿನಲ್ಲಿ ಕ್ರೆಡಿಟ್ ಸಿಗಬೇಕೇ ಎಂಬುದೆಲ್ಲ ಡಿಸ್ಟ್ರಿಕ್ಟ್ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೋರ್ಡಿನ ಮಾಮೂಲಿ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಹಾಕಬೇಕು. ಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು, ಪಾಸ್‌ಪೋರ್ಟ್ ಕೇಳುವುದಿಲ್ಲ. ಖರ್ಚು-ವೆಚ್ಚದ ಯೋಜನೆಗೆ ಜುಲೈ 1ರೊಳಗೆ ಬೋರ್ಡ್ ಒಪ್ಪಿಗೆ ಕೊಡಬೇಕು, ಅದಕ್ಕೂ ಮುಂಚೆ ಸಾರ್ವಜನಿಕರ ಮಾತು ಕೇಳಲೇಬೇಕು. ನೀವು ಹೋಗಬೇಕಾದ್ದು ಆಗ. ನಮ್ಮವರು ಮಾತ್ರ ಶಾಲೆಯ ಗಡಿ ಬದಲಾಗಿ ಮಗುವಿನ ಬಸ್ಸು ತಪ್ಪಿದ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಡುಗುತ್ತಾರೆ.

ಮನೆಯಲ್ಲಿ ಇಲ್ಲೇ ಹುಟ್ಟಿದ ಮಗ ಅಥವಾ ಮಗಳು ಇದ್ದರೆ ಅವರು ಸಿಟಿಜನ್, 18 ತುಂಬಿದರೆ ಓಟುಂಟು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಓಕ್ಲೆಂಡ್ ನಗರಗಳಲ್ಲಂತೂ ಸ್ಕೂಲ್ ಬೋರ್ಡಿಗೆ 16 ವರ್ಷಕ್ಕೇ ಓಟು. 2024ರ ನವೆಂಬರಿನಲ್ಲಿ ಅಲ್ಲಿನ ಮಕ್ಕಳು ಮೊದಲ ಸಲ ಹಾಕಿದರು. ನ್ಯೂಜೆರ್ಸಿಯ ನ್ಯೂಆರ್ಕ್ ಕೂಡ 2025ರಲ್ಲಿ ಶುರು ಮಾಡಿದೆ. ಅಪ್ಪ-ಅಮ್ಮ ಇನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿರುವಾಗ ಹನ್ನೊಂದನೇ ಕ್ಲಾಸಿನ ಮಗಳು ಬೋರ್ಡ್ ಸದಸ್ಯರನ್ನು ಆರಿಸಬಹುದು. "ಅವಳಿಗುಂಟು, ನಮಗಿಲ್ವಾ?" ಎಂದು ಮುಂದಿನ ವಾರ ಪತ್ರ ಬರುತ್ತದೆ, ಗೊತ್ತು. ಟ್ಯಾಕ್ಸ್ ಕಟ್ಟುವವರು ನೀವು, ಓಟು ಅವಳದ್ದು. ಫಾರ್ಮನ್ನು ಅವಳೇ ತುಂಬಲಿ.